ಟಿಪ್ಸ್ ಬೇಡ, ಪುಸ್ತಕ ಬೇಕು ಅನ್ನುವವರಿಗೆ: ರೇಸ್ ಲೆಕ್ಕಾಚಾರದ ಪುಸ್ತಕಗಳಲ್ಲಿ ಯಾವುದು ನಿಮಗೆ?

ತುಮಕೂರಿನ ಕಡೆ ಕುದುರೆ ರೇಸ್ ಬಗ್ಗೆ ಮಾತಾಡುವವರು ಎರಡು ಥರ. ಒಂದು, ಕುಣಿಗಲ್ ಕಡೆಯವರು. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಿದ ಊರು ಅದು. ಅಲ್ಲಿನ ಫಾರಂನಲ್ಲಿ ಕೆಲಸ ಮಾಡಿದವರ ಮನೆಗಳಲ್ಲಿ ಮಕ್ಕಳಿಗೂ ಕುದುರೆಯ ನಡಿಗೆ ಗೊತ್ತು. ಇನ್ನೊಂದು, ರೇಸ್ ಇರುವ ದಿನ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ರೇಸ್‌ಕೋರ್ಸ್ ರಸ್ತೆ ಕಡೆ ನಡೆಯುವವರು. ಇವರ ಕೈಯಲ್ಲಿ ರೇಸ್ ಬುಕ್ (ಅವತ್ತಿನ ಓಟ, ಕುದುರೆಗಳ ವಿವರ ಇರುವ ಪುಸ್ತಿಕೆ) ಇರುತ್ತದೆ, ಪೆನ್ನೂ ಇರುತ್ತದೆ. ಆದರೆ ಪೆನ್ನಿನಲ್ಲಿ ಏನು ಗುರುತು ಹಾಕಬೇಕು ಅನ್ನುವುದು ಮಾತ್ರ ಇನ್ನೊಬ್ಬರ ಬಾಯಿಂದ ಬರಬೇಕು.

ಈಚೆಗೆ ಎರಡೂ ಕಡೆಯ ಗೆಳೆಯರು ಕೇಳುತ್ತಿರುವುದು ಒಂದೇ ಪ್ರಶ್ನೆ. ‘ಟಿಪ್ಸ್ ಸಾಕಾಗಿದೆ. ನಾವೇ ಲೆಕ್ಕ ಹಾಕಿ ಕುದುರೆ ಆರಿಸೋದು ಕಲೀಬೇಕು. ಐನ್ಸ್‌ಲಿ ತಗೊಳ್ಳಲಾ, ಬೇಯರ್ ತಗೊಳ್ಳಲಾ, ಇನ್ಯಾವುದಾದರೂ ಇದೆಯಾ?’ ಒಳ್ಳೆಯ ಪ್ರಶ್ನೆ. ಐನ್ಸ್‌ಲಿ, ಬೇಯರ್ ಇಬ್ಬರೂ ರೇಸ್ ಲೆಕ್ಕಾಚಾರದ ಬಗ್ಗೆ ಬರೆದ ಅಮೆರಿಕದ ಲೇಖಕರು. ಹೆಸರುವಾಸಿ ಪುಸ್ತಕವನ್ನು ತಂದು, ನಲವತ್ತು ಪುಟ ಓದಿ, ಇದು ನಮ್ಮೂರಿಗಲ್ಲ ಅಂತ ಕಪಾಟಿನಲ್ಲಿ ಇಟ್ಟವರನ್ನು ಬಹಳ ಜನ ನೋಡಿದ್ದೇನೆ. ಪುಸ್ತಕ ಕೆಟ್ಟದ್ದಲ್ಲ. ಅದು ಬರೆದ ಟ್ರ್ಯಾಕ್ ಬೇರೆ, ನಾವು ನೋಡುವ ಟ್ರ್ಯಾಕ್ ಬೇರೆ, ಅಷ್ಟೇ.

ಅದಕ್ಕೇ ಪುಸ್ತಕಗಳಿಗಿಂತ ಮೊದಲು ಅಳತೆಗೋಲು ಇಟ್ಟುಕೊಳ್ಳೋಣ.

ಏನು ನೋಡಿ ಆರಿಸಬೇಕು

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ಪುಸ್ತಕ ಹೇಳುವ ವಿಧಾನವನ್ನು ನಮ್ಮ ಬೆಂಗಳೂರು ರೇಸ್ ಬುಕ್ಕಿನಲ್ಲಿ ಇರುವ ಮಾಹಿತಿಯಿಂದ ಮಾಡಲಿಕ್ಕೆ ಆಗುತ್ತಾ? ನಮ್ಮಲ್ಲಿ ಓಟ ಹುಲ್ಲಿನ ಮೇಲೆ. ದೂರ ಮೀಟರ್‌ನಲ್ಲಿ, ತೂಕ ಕಿಲೋದಲ್ಲಿ. ಕುದುರೆಗೆ ಹ್ಯಾಂಡಿಕ್ಯಾಪರ್ (ಓಟ ಸಮಬಲವಾಗಲಿ ಅಂತ ಯಾವ ಕುದುರೆ ಎಷ್ಟು ತೂಕ ಹೊರಬೇಕು ಅಂತ ನಿರ್ಧರಿಸುವವರು) ಕೊಡುವ ರೇಟಿಂಗ್ ಇರುತ್ತದೆ, ರೇಟಿಂಗ್‌ನ ಒಂದು ಪಾಯಿಂಟ್ ಅಂದರೆ ಅರ್ಧ ಕಿಲೋ. ಅಮೆರಿಕದಲ್ಲಿ ಹೆಚ್ಚಿನ ಓಟ ಮಣ್ಣಿನ ಟ್ರ್ಯಾಕ್ ಮೇಲೆ. ಅಲ್ಲಿ ದೂರ ಫರ್ಲಾಂಗಿನಲ್ಲಿ, ತೂಕ ಪೌಂಡಿನಲ್ಲಿ. ಅಲ್ಲಿನ ಬಹಳಷ್ಟು ಓಟಗಳು ‘ಕ್ಲೇಮಿಂಗ್’ ಓಟಗಳು, ಅಂದರೆ ಓಡುವ ಕುದುರೆಯನ್ನು ನಿಗದಿ ಮಾಡಿದ ಬೆಲೆಗೆ ಬೇರೆಯವರು ಕೊಂಡುಕೊಳ್ಳಬಹುದು. ಅಲ್ಲಿ ಕುದುರೆಯ ದರ್ಜೆ ಆ ಬೆಲೆಯಿಂದಲೇ ಗೊತ್ತಾಗುತ್ತದೆ. ನಮ್ಮಲ್ಲಿ ಅದು ರೇಟಿಂಗ್‌ನಿಂದ ಗೊತ್ತಾಗುತ್ತದೆ. ಹಾಗಾಗಿ ಅಮೆರಿಕದ ಪುಸ್ತಕದಲ್ಲಿ ದರ್ಜೆಯ ಬಗ್ಗೆ ಬರೆದ ಅಧ್ಯಾಯ ನಮಗೆ ನೇರವಾಗಿ ಬರುವುದಿಲ್ಲ.

ಎರಡನೆಯದು ಸಮಯ. ವಾರಕ್ಕೆ ಒಂದು ಸಂಜೆ ಕೊಡುವವರಿಗೂ ದಿನಾ ರಾತ್ರಿ ಒಂದು ಗಂಟೆ ಕೂರುವವರಿಗೂ ಒಂದೇ ಪುಸ್ತಕ ಸರಿಹೋಗುವುದಿಲ್ಲ. ಮೂರನೆಯದು ಗಣಿತ ಮತ್ತು ಇಂಗ್ಲಿಷ್. ಇಲ್ಲಿ ಹೇಳುತ್ತಿರುವುದೆಲ್ಲ ಇಂಗ್ಲಿಷ್ ಪುಸ್ತಕಗಳು. ಕೆಲವು ಪತ್ರಿಕೆಯ ಅಂಕಣದ ಹಾಗೆ ಸಲೀಸು, ಕೆಲವು ಬರೀ ಕೋಷ್ಟಕ. ನಾಲ್ಕನೆಯದು, ಪುಸ್ತಕ ಕುದುರೆಯ ಬಗ್ಗೆ ಮಾತ್ರ ಹೇಳುತ್ತದಾ, ಹಣದ ಬಗ್ಗೆಯೂ ಹೇಳುತ್ತದಾ? ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಕೊನೆಗೆ ಬೆಲೆ. ಇವುಗಳಲ್ಲಿ ಬಹಳಷ್ಟು ಹಳೆಯ ಪುಸ್ತಕಗಳು. ಹೊಸ ಪ್ರತಿ ತರಿಸಿದರೆ ದುಬಾರಿ, ಹಳೇ ಪ್ರತಿ ಸಿಕ್ಕರೆ ಅದೃಷ್ಟ.

ಐನ್ಸ್‌ಲಿ: ಎಲ್ಲವೂ ಒಂದೇ ಕಡೆ ಬೇಕು ಅಂದರೆ

ಟಾಮ್ ಐನ್ಸ್‌ಲಿ ಅನ್ನುವುದು ರಿಚರ್ಡ್ ಕಾರ್ಟರ್ ಎಂಬ ಅಮೆರಿಕನ್ ಲೇಖಕ ಇಟ್ಟುಕೊಂಡ ಹೆಸರು. ಆತನ ‘ಕಂಪ್ಲೀಟ್ ಗೈಡ್ ಟು ಥರೋಬ್ರೆಡ್ ರೇಸಿಂಗ್’ ಬಂದದ್ದು 1968ರಲ್ಲಿ. ದೂರ, ದರ್ಜೆ, ಫಾರ್ಮ್ (ಈಚಿನ ಓಟಗಳು ಹೇಗಿದ್ದವು ಅನ್ನುವುದು), ತೂಕ, ಜಾಕಿ, ಟ್ರೈನರ್, ಪ್ಯಾಡಕ್‌ನಲ್ಲಿ (ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಜಾಗ) ಕುದುರೆ ಹೇಗೆ ಕಾಣಬೇಕು, ಹೀಗೆ ಎಲ್ಲವನ್ನೂ ಒಂದೊಂದಾಗಿ ತೆಗೆದುಕೊಂಡು, ಯಾವ ಕುದುರೆಯನ್ನು ಯಾವ ಕಾರಣಕ್ಕೆ ಪಟ್ಟಿಯಿಂದ ತೆಗೆಯಬೇಕು ಅಂತ ಹೇಳುತ್ತಾನೆ.

ಅವನಿಂದ ನಾನು ಕಲಿತದ್ದು ಈ ‘ತೆಗೆಯುವ’ ಕ್ರಮ. ಹನ್ನೆರಡು ಕುದುರೆಗಳ ಓಟದಲ್ಲಿ ಗೆಲ್ಲುವುದು ಯಾವುದು ಅಂತ ಹುಡುಕುವುದಲ್ಲ. ಈ ದೂರ ಯಾವುದಕ್ಕೆ ಆಗುವುದಿಲ್ಲ, ಈಚೆಗೆ ಓಡದೆ ಇರುವುದು ಯಾವುದು, ಮೇಲಿನ ಕ್ಲಾಸಿಗೆ (ದರ್ಜೆಗೆ) ಹೋಗಿ ಒದ್ದಾಡುತ್ತಿರುವುದು ಯಾವುದು ಅಂತ ನೋಡಿ ಅವನ್ನು ಬದಿಗಿಡುವುದು. ಉಳಿದದ್ದು ಮೂರೋ ನಾಲ್ಕೋ. ಆಮೇಲೆ ಆ ಮೂರು ನಾಲ್ಕಕ್ಕೆ ಮಾತ್ರ ತಲೆ ಕೊಡಿ. ಈ ಶಿಸ್ತು ಬೆಂಗಳೂರಿಗೂ ಮೈಸೂರಿಗೂ ಹಾಗೇ ಹೊಂದುತ್ತದೆ.

ಹೊಂದದೇ ಇರುವುದು ಅವನ ಸಂಖ್ಯೆಗಳು. ಎಷ್ಟು ದಿನದೊಳಗೆ ಓಡಿರಬೇಕು ಅನ್ನುವ ಅವನ ನಿಯಮ ಅಮೆರಿಕದ ದಟ್ಟವಾದ ಓಟದ ವೇಳಾಪಟ್ಟಿಗೆ ಸರಿ. ನಮ್ಮಲ್ಲಿ ಕುದುರೆಗಳು ಅಷ್ಟು ಬೇಗ ಬೇಗ ಓಡುವುದಿಲ್ಲ. ಆ ನಿಯಮಗಳನ್ನು ಬಿಟ್ಟು ಅದರ ಹಿಂದಿನ ಯೋಚನೆಯನ್ನು ಇಟ್ಟುಕೊಳ್ಳಿ. ರೇಸಿಗೆ ಹೊಸಬರು, ವಾರಕ್ಕೆ ಒಂದು ಸಂಜೆ ಮಾತ್ರ ಕೊಡುವವರು, ಒಂದೇ ಪುಸ್ತಕಕ್ಕೆ ದುಡ್ಡು ಇರುವವರು ಐನ್ಸ್‌ಲಿಯಿಂದ ಶುರು ಮಾಡಬಹುದು.

ಬೇಯರ್: ಗಡಿಯಾರ ನಂಬುವವರಿಗೆ

ಆಂಡ್ರ್ಯೂ ಬೇಯರ್ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ರೇಸ್ ಅಂಕಣ ಬರೆಯುತ್ತಿದ್ದವನು. 1975ರಲ್ಲಿ ಬಂದ ‘ಪಿಕಿಂಗ್ ವಿನ್ನರ್ಸ್’ ಪುಸ್ತಕದಲ್ಲಿ ಅವನು ಹೇಳಿದ್ದು ಸರಳ. ಕುದುರೆ ಎಷ್ಟು ಹೊತ್ತಿನಲ್ಲಿ ಓಡಿತು ಅನ್ನುವುದನ್ನು ಸುಮ್ನೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆ ದಿನ ಟ್ರ್ಯಾಕ್ ಎಷ್ಟು ಬೇಗ ಅಥವಾ ನಿಧಾನ ಇತ್ತು ಅಂತ ಮೊದಲು ಲೆಕ್ಕ ಹಾಕಿ ಅದನ್ನು ಕಳೆಯಬೇಕು. ಆಗ ಉಳಿಯುವುದು ಕುದುರೆಯ ನಿಜವಾದ ವೇಗ. 1992ರಿಂದ ಅವನ ಈ ಅಂಕಿಗಳು ‘ಡೈಲಿ ರೇಸಿಂಗ್ ಫಾರ್ಮ್’ ಪತ್ರಿಕೆಯಲ್ಲೇ ಅಚ್ಚಾಗತೊಡಗಿದವು.

ಇದನ್ನು ನಮ್ಮ ಕಡೆ ಹೇಗೆ ಮಾಡಬಹುದು ಅಂತ ಒಂದು ಲೆಕ್ಕ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ. 1200 ಮೀಟರ್‌ಗೆ ಒಂದು ಕ್ಲಾಸಿನ ಗೆದ್ದ ಕುದುರೆಗಳ ಸರಾಸರಿ ಸಮಯ 1 ನಿಮಿಷ 14 ಸೆಕೆಂಡ್ ಅಂತ ನಿಮ್ಮ ನೋಟ್‌ಬುಕ್ಕಿನಲ್ಲಿ ಬಂದಿದೆ ಅಂದುಕೊಳ್ಳಿ. ಬೇರೆ ದೂರಗಳಿಗೂ ಬೇರೆ ಕ್ಲಾಸುಗಳಿಗೂ ಇದೇ ರೀತಿ ಒಂದೊಂದು ಸಮಯ ಬರೆದಿದ್ದೀರಿ. ಒಂದು ಭಾನುವಾರ ಆರು ಓಟಗಳು. ಪ್ರತಿಯೊಂದರಲ್ಲೂ ಗೆದ್ದ ಕುದುರೆ ತನ್ನ ಸರಾಸರಿಗಿಂತ ಎಷ್ಟು ನಿಧಾನ ಅಂತ ಬರೆಯಿರಿ: 0.8, 1.1, 0.4, 1.0, 2.6, 1.2. ಇದರಲ್ಲಿ 2.6 ಉದ್ದದ ಓಟ. ಅದರಲ್ಲಿ ಎಲ್ಲರೂ ಮೊದಲು ಎಳೆದು ಹಿಡಿದು ಕೊನೆಗೆ ಓಡಿಸಿದರು. ಅದನ್ನು ಬಿಡಿ. ಉಳಿದ ಐದರ ಸರಾಸರಿ 0.9. ಅಂದರೆ ಆ ದಿನ ಟ್ರ್ಯಾಕ್ ಸುಮಾರು 0.9 ಸೆಕೆಂಡ್ ನಿಧಾನ. ಈಗ 1200 ಮೀಟರ್ ಓಟದಲ್ಲಿ 1 ನಿಮಿಷ 14.4 ಸೆಕೆಂಡಿಗೆ ಗೆದ್ದ ಕುದುರೆ ನೋಡಿ. ಮೇಲ್ನೋಟಕ್ಕೆ ಅದು ಸರಾಸರಿಗಿಂತ ನಿಧಾನ. ಟ್ರ್ಯಾಕ್ ಕಳೆದರೆ 1 ನಿಮಿಷ 13.5. ಅರ್ಧ ಸೆಕೆಂಡ್ ಬೇಗ! ಒಂದು ಲೆಂತ್‌ಗೆ (ಒಂದು ಕುದುರೆಯ ಉದ್ದಕ್ಕೆ) 0.2 ಸೆಕೆಂಡ್ ಅಂದುಕೊಂಡರೆ ಎರಡೂವರೆ ಲೆಂತ್ ಒಳ್ಳೆಯ ಓಟ. ಮುಂದಿನ ಸಲ ಅದು ಬಂದಾಗ ಪೇಪರಿನಲ್ಲಿ ಬರೀ ‘14.4’ ನೋಡಿದವರಿಗೆ ಇದು ಕಾಣುವುದಿಲ್ಲ.

ಅವನ ಇನ್ನೊಂದು ಮಾತೂ ನೆನಪಿಡುವಂಥದ್ದು. ಅದೇ 0.2 ಸೆಕೆಂಡಿಗೆ ಚಿಕ್ಕ ಓಟದಲ್ಲಿ ಬೆಲೆ ಜಾಸ್ತಿ, ಉದ್ದದ ಓಟದಲ್ಲಿ ಕಡಿಮೆ. 74 ಸೆಕೆಂಡಿನ ಓಟದಲ್ಲಿ ಅದು ಶೇ. 0.27, 100 ಸೆಕೆಂಡಿನ ಓಟದಲ್ಲಿ ಶೇ. 0.2. ಬೇರೆ ಬೇರೆ ದೂರದ ಓಟಗಳನ್ನು ಹೋಲಿಸುವಾಗ ಇದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಇಷ್ಟೆಲ್ಲ ಚೆನ್ನಾಗಿದ್ದೂ ಬೇಯರ್‌ನನ್ನು ಮೊದಲ ಪುಸ್ತಕವಾಗಿ ನಾನು ಹೇಳುವುದಿಲ್ಲ. ಸರಾಸರಿ ಸಮಯಗಳನ್ನು ನೀವೇ ಕಟ್ಟಬೇಕು, ಅದಕ್ಕೆ ಕಡಿಮೆ ಅಂದರೂ ಒಂದು ಇಡೀ ಸೀಸನ್ನಿನ ಫಲಿತಾಂಶ ಬೇಕು. ಬೆಂಗಳೂರಿನ ಬೇಸಿಗೆ ಸೀಸನ್ ಅಂದರೆ ಮಳೆಯ ಸೀಸನ್ನೂ ಹೌದು. ಮಧ್ಯಾಹ್ನ ಒಂದು ಜೋರು ಮಳೆ ಬಂದರೆ ಮೊದಲ ಓಟದ ಟ್ರ್ಯಾಕೇ ಬೇರೆ, ಕೊನೆಯ ಓಟದ ಟ್ರ್ಯಾಕೇ ಬೇರೆ. ನೆಲ ಎಷ್ಟು ಮೆತ್ತಗಿದೆ ಅನ್ನುವ ಪೆನೆಟ್ರೋಮೀಟರ್ ಅಂಕಿಯನ್ನು ರೇಸ್ ನಡೆಸುವ ಕ್ಲಬ್ ಕೊಡುತ್ತದೆ, ಅದನ್ನೂ ಜೊತೆಗೆ ಬರೆದುಕೊಂಡರೆ ಸ್ವಲ್ಪ ಸಹಾಯ. ಮುಖ್ಯವಾಗಿ, ಹುಲ್ಲಿನ ಮೇಲಿನ ಉದ್ದದ ಓಟಗಳಲ್ಲಿ ಜಾಕಿಗಳು ಮೊದಲ ಅರ್ಧ ನಿಧಾನ ಹೋಗಿ ಕೊನೆಯ 400 ಮೀಟರ್‌ಗೆ ಶಕ್ತಿ ಉಳಿಸುತ್ತಾರೆ. ಅಲ್ಲಿ ಗಡಿಯಾರ ಕುದುರೆಯ ಸಾಮರ್ಥ್ಯವನ್ನು ಹೇಳುವುದಿಲ್ಲ, ಆ ದಿನದ ಆಟವನ್ನು ಹೇಳುತ್ತದೆ. ಹಾಗಾಗಿ 1100, 1200, 1400 ಮೀಟರ್‌ಗಳಿಗೆ ಬೇಯರ್ ಬಳಸಿ. ಅದಕ್ಕಿಂತ ಉದ್ದಕ್ಕೆ ಬೇರೆ ದಾರಿ ಹಿಡಿಯಿರಿ.

ಬೇಯರ್ ಕೂಡ ಮುಂದೆ ದಾರಿ ಬದಲಿಸಿದ. ವೇಗದ ಅಂಕಿಗಳು ಎಲ್ಲರಿಗೂ ಗೊತ್ತಾಗಿ ಲಾಭ ಕಡಿಮೆಯಾದಾಗ 1983ರ ‘ದ ವಿನ್ನಿಂಗ್ ಹಾರ್ಸ್‌ಪ್ಲೇಯರ್’ ಪುಸ್ತಕದಲ್ಲಿ ಓಟವನ್ನು ಕಣ್ಣಿಟ್ಟು ನೋಡಿ ಬರೆದುಕೊಳ್ಳುವುದಕ್ಕೆ ಒತ್ತು ಕೊಟ್ಟ. ಯಾವ ಕುದುರೆಗೆ ದಾರಿ ಸಿಗಲಿಲ್ಲ, ಯಾವುದು ತಿರುವಿನಲ್ಲಿ ಹೊರಗಡೆಯಿಂದ ಸುತ್ತು ಹಾಕಿ ಬಂತು, ಇಂಥವು. ಓಟದ ವಿಡಿಯೋ ಈಗ ಫೋನಿನಲ್ಲೇ ಸಿಗುತ್ತದೆ. ತುಮಕೂರಿನಲ್ಲಿ ಮನೆಯಲ್ಲೇ ಕೂತು ನಾಲ್ಕು ಸಲ ಹಿಂದೆ ಮುಂದೆ ಓಡಿಸಿ ನೋಡುವ ಈ ಅನುಕೂಲ 1983ರ ಅಮೆರಿಕದ ಪಂಟರ್‌ಗೂ ಇರಲಿಲ್ಲ. ನನ್ನನ್ನು ಕೇಳಿದರೆ ನಮಗೆ ಮೊದಲನೆಯದಕ್ಕಿಂತ ಈ ಎರಡನೆಯ ಪುಸ್ತಕವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಡಾನ್ ಸ್ಕಾಟ್: ನಮ್ಮ ತೂಕ, ನಮ್ಮ ಮೀಟರ್

ಈ ಪಟ್ಟಿಯಲ್ಲಿ ನಮ್ಮ ಕಡೆ ಅತಿ ಕಡಿಮೆ ಜನ ಕೇಳಿರುವ ಹೆಸರು ಇದು. ಆದರೆ ಬೆಂಗಳೂರು ರೇಸ್ ನೋಡುವವರಿಗೆ ಅತಿ ಹತ್ತಿರದ್ದೂ ಇದೇ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಡಾನ್ ಸ್ಕಾಟ್ ಆಸ್ಟ್ರೇಲಿಯಾದವನು. ಅವನ ‘ವಿನ್ನಿಂಗ್’ 1978ರದ್ದು. ಅಲ್ಲಿಯೂ ಹುಲ್ಲಿನ ಟ್ರ್ಯಾಕ್, ಅಲ್ಲಿಯೂ ಹ್ಯಾಂಡಿಕ್ಯಾಪ್ ಓಟಗಳು, ಅಲ್ಲಿಯೂ ಕಿಲೋ ಮತ್ತು ಮೀಟರ್. ಅವನ ಲೆಕ್ಕವೆಲ್ಲ ತೂಕದಲ್ಲಿ. ಪ್ರತಿ ಕುದುರೆಯ ಓಟವನ್ನೂ ಅದರ ಕ್ಲಾಸು, ಹೊತ್ತ ತೂಕ, ಗೆದ್ದ ಅಥವಾ ಸೋತ ಅಂತರ ಸೇರಿಸಿ ಒಂದು ಕಿಲೋ ಅಂಕಿಗೆ ಇಳಿಸುತ್ತಾನೆ. ಒಂದು ಲೆಂತ್ ಅಂದರೆ ಸುಮಾರು ಒಂದೂವರೆ ಕಿಲೋ ಅನ್ನುವುದು ಆಸ್ಟ್ರೇಲಿಯಾದಲ್ಲಿ ಬಳಕೆಯಲ್ಲಿರುವ ಲೆಕ್ಕ.

ಇದು ನಮ್ಮ ರೇಸ್ ಬುಕ್ಕಿನ ಮುಂದೆ ಹೇಗೆ ಕೂರುತ್ತದೆ ನೋಡಿ. ಕಳೆದ ಸಲ ಒಂದು ಕುದುರೆ 54 ಕಿಲೋ ಹೊತ್ತು, 57 ಕಿಲೋ ಹೊತ್ತ ಇನ್ನೊಂದನ್ನು ಎರಡು ಲೆಂತ್‌ನಿಂದ ಸೋಲಿಸಿತು. ಈಗ ಮತ್ತೆ ಎರಡೂ ಎದುರಾಗಿವೆ. ಗೆದ್ದದ್ದಕ್ಕೆ ರೇಟಿಂಗ್ ಏರಿದೆ. ಮೊದಲನೆಯದಕ್ಕೆ ಈಗ 58, ಎರಡನೆಯದಕ್ಕೆ 57.5. ಅವತ್ತು ಎರಡನೆಯ ಕುದುರೆ ಮೂರು ಕಿಲೋ ಜಾಸ್ತಿ ಹೊತ್ತಿತ್ತು, ಇವತ್ತು ಅರ್ಧ ಕಿಲೋ ಕಡಿಮೆ ಹೊತ್ತಿದೆ. ಒಟ್ಟು ವ್ಯತ್ಯಾಸ ಮೂರೂವರೆ ಕಿಲೋ, ಅಂದರೆ ಹತ್ತಿರ ಹತ್ತಿರ ಎರಡೂಕಾಲು ಲೆಂತ್. ಸೋತ ಅಂತರ ಎರಡು. ಉಳಿದೆಲ್ಲ ಸಮ ಇದ್ದರೆ ಇವತ್ತು ಎರಡನೆಯದು ಒಂದು ಕತ್ತಿನಷ್ಟು ಮುಂದೆ. ಆದರೆ ಜನ ಹಣ ಹಾಕುವುದು ಕಳೆದ ಸಲ ಗೆದ್ದ ಕುದುರೆಯ ಮೇಲೆ. ಈ ಅಂತರವೇ ಲೆಕ್ಕ ಹಾಕುವವನಿಗೆ ಸಿಗುವ ಜಾಗ.

ಈ ವಿಧಾನಕ್ಕೆ ಬೇಕಾದ ಎಲ್ಲ ಮಾಹಿತಿ ರೇಸ್ ಬುಕ್ಕಿನಲ್ಲೇ ಇದೆ. ಗಡಿಯಾರ ಬೇಡ, ಕಂಪ್ಯೂಟರ್ ಬೇಡ. ಕೂಡುವುದು ಕಳೆಯುವುದು ಬಂದರೆ ಸಾಕು. ತೊಂದರೆ ಎರಡು. ಪುಸ್ತಕ ಸಿಗುವುದು ಕಷ್ಟ, ಹೊರದೇಶದ ಹಳೇ ಪುಸ್ತಕ ಮಾರುವವರಿಂದ ತರಿಸಿದರೆ ಅಂಚೆ ಖರ್ಚೇ ಪುಸ್ತಕಕ್ಕಿಂತ ಜಾಸ್ತಿ ಆಗಬಹುದು. ಇನ್ನೊಂದು, ತೂಕವನ್ನೇ ದೇವರು ಅಂತ ನಂಬಿದರೆ ಕುದುರೆ ಅವತ್ತು ಆರೋಗ್ಯವಾಗಿದೆಯಾ, ಗೆಲ್ಲಲಿಕ್ಕೇ ಬಂದಿದೆಯಾ ಅನ್ನುವುದು ತಪ್ಪಿಹೋಗುತ್ತದೆ. ಅದಕ್ಕೆ ಮುಂದಿನ ಪುಸ್ತಕ ಜೋಡಿ.

ಡೇವಿಡೋವಿಟ್ಸ್: ಜನರನ್ನು ಓದಲಿಕ್ಕೆ

ಸ್ಟೀವ್ ಡೇವಿಡೋವಿಟ್ಸ್‌ನ ‘ಬೆಟಿಂಗ್ ಥರೋಬ್ರೆಡ್ಸ್’ 1977ರಲ್ಲಿ ಬಂತು. ಎರಡು ವಿಷಯಕ್ಕೆ ಅದು ಇವತ್ತಿಗೂ ಬೇಕು. ಮೊದಲನೆಯದು ಟ್ರ್ಯಾಕಿನ ಪಕ್ಷಪಾತ. ಕೆಲವು ದಿನ ರೇಲ್ (ಟ್ರ್ಯಾಕಿನ ಒಳಬೇಲಿ) ಪಕ್ಕದಲ್ಲಿ ಓಡಿದ ಕುದುರೆಗಳೇ ಗೆಲ್ಲುತ್ತವೆ, ಕೆಲವು ದಿನ ಹೊರಗಿನವು. ಬೆಂಗಳೂರಿನಲ್ಲಿ ಹುಲ್ಲು ಉಳಿಸಲಿಕ್ಕೆ ಫಾಲ್ಸ್ ರೇಲ್ (ಒಳಬೇಲಿಯಿಂದ ಹೊರಕ್ಕೆ ಹಾಕುವ ತಾತ್ಕಾಲಿಕ ಬೇಲಿ) ಹಾಕಿದಾಗ ಇದನ್ನು ಗಮನಿಸಿ. ಪಕ್ಷಪಾತಕ್ಕೆ ವಿರುದ್ಧವಾಗಿ ಓಡಿ ಮೂರನೆಯದೋ ನಾಲ್ಕನೆಯದೋ ಆಗಿ ಬಂದ ಕುದುರೆ ಮುಂದಿನ ಸಲಕ್ಕೆ ಬರೆದಿಟ್ಟುಕೊಳ್ಳುವಂಥದ್ದು.

ಎರಡನೆಯದು ಟ್ರೈನರ್‌ಗಳ ಅಭ್ಯಾಸ. ಇದು ನಮ್ಮಲ್ಲಿ ಅಮೆರಿಕಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಸರ್ಕ್ಯೂಟ್ ಚಿಕ್ಕದು, ಅವೇ ಟ್ರೈನರ್‌ಗಳು, ಅವೇ ಜಾಕಿಗಳು, ಅವೇ ಕುದುರೆಗಳು ಮತ್ತೆ ಮತ್ತೆ. ನಾಲ್ಕೈದು ಟ್ರೈನರ್‌ಗಳನ್ನು ಮಾತ್ರ ಹಿಡಿದುಕೊಳ್ಳಿ. ಬಿಡುವಿನ ನಂತರ ಮೊದಲ ಓಟದಲ್ಲೇ ಗೆಲ್ಲಿಸುವವರು ಯಾರು, ಎರಡನೆಯದಕ್ಕೆ ಕಾಯುವವರು ಯಾರು? ದೊಡ್ಡ ಜಾಕಿಯನ್ನು ಕೂರಿಸಿದಾಗ ಏನಾಗುತ್ತದೆ, ಅಪ್ರೆಂಟಿಸ್ ಹುಡುಗನಿಗೆ ಕೊಟ್ಟು ತೂಕ ಇಳಿಸಿದಾಗ ಏನಾಗುತ್ತದೆ? ಪತ್ರಿಕೆಯಲ್ಲಿ ಬರುವ ಟ್ರ್ಯಾಕ್ ವರ್ಕ್ ಕೂಡ ಇದರ ಜೊತೆಗೇ ಓದಬೇಕು. ‘1000 ಮೀ. 1-6, 600 ಮೀ. 39’ ಅಂದರೆ ಬೆಳಗಿನ ಅಭ್ಯಾಸದಲ್ಲಿ ಕುದುರೆ 1000 ಮೀಟರನ್ನು 1 ನಿಮಿಷ 6 ಸೆಕೆಂಡಿಗೂ ಅದರ ಕೊನೆಯ 600ನ್ನು 39 ಸೆಕೆಂಡಿಗೂ ಓಡಿತು ಅಂತ. ಆ ಅಂಕಿ ಒಳ್ಳೆಯದಾ ಅನ್ನುವುದು ಟ್ರೈನರ್ ಮೇಲೆ ನಿಂತಿದೆ. ಒಬ್ಬರು ಎಲ್ಲ ಕುದುರೆಗಳನ್ನೂ ಬೆಳಿಗ್ಗೆ ಜೋರಾಗಿ ಓಡಿಸುತ್ತಾರೆ, ಇನ್ನೊಬ್ಬರು ಗೆಲ್ಲಿಸಬೇಕು ಅಂದಾಗ ಮಾತ್ರ. ಈ ವ್ಯತ್ಯಾಸವನ್ನು ಹುಡುಕುವ ಕಣ್ಣು ಡೇವಿಡೋವಿಟ್ಸ್ ಕೊಡುತ್ತಾನೆ.

ಕುಣಿಗಲ್ ಕಡೆಯವರಿಗೆ

ಕುದುರೆಯನ್ನು ಮುಟ್ಟಿ ಬೆಳೆದವರಿಗೆ ಕೋಷ್ಟಕದಿಂದ ಶುರು ಮಾಡು ಅನ್ನುವುದು ಅನ್ಯಾಯ. ಅವರಿಗೆ ನಾನು ಹೇಳುವುದು ಬಾನಿ ಲೆಡ್‌ಬೆಟರ್ ಮತ್ತು ಐನ್ಸ್‌ಲಿ ಸೇರಿ ಬರೆದ, 1980ರ ‘ದ ಬಾಡಿ ಲ್ಯಾಂಗ್ವೇಜ್ ಆಫ್ ಹಾರ್ಸಸ್’. ಕಿವಿ, ಬಾಲ, ಕತ್ತು, ಕಾಲು ಇಡುವ ರೀತಿ ನೋಡಿ ಕುದುರೆ ಖುಷಿಯಾಗಿದೆಯಾ, ಹೆದರಿದೆಯಾ, ನೋವಿನಲ್ಲಿದೆಯಾ ಅಂತ ಹೇಳುವ ಪುಸ್ತಕ. ಫಾರಂನಲ್ಲಿ ಬಹಳ ಕಾಲ ಸೈಸ್ (ಕುದುರೆ ನೋಡಿಕೊಳ್ಳುವವರು) ಆಗಿದ್ದ ಹಿರಿಯರೊಬ್ಬರಿಗೆ ಇದರ ಕೆಲವು ಪುಟ ಓದಿ ಹೇಳಿದೆ. ‘ಕಿವಿ ಹಿಂದಕ್ಕೆ ಅಂಟಿಸ್ಕೊಂಡಿರೋದು ಬೇರೆ, ಸವಾರನ ಮಾತು ಕೇಳೋಕೆ ಹಿಂದಕ್ಕೆ ತಿರುಗಿಸೋದು ಬೇರೆ. ನಿಮ್ಮ ಪುಸ್ತಕದಲ್ಲಿ ಅದು ಇದೆಯಾ ನೋಡಿ’ ಅಂದರು. ಇದೆ.

ಪ್ಯಾಡಕ್‌ನಲ್ಲಿ ನಿಂತು ನೋಡುವವರಿಗೆ ನನ್ನ ಕಡೆಯಿಂದ ಒಂದೇ ಮಾತು. ಮೇ ತಿಂಗಳ ಮಧ್ಯಾಹ್ನ ಬಹಳಷ್ಟು ಕುದುರೆಗಳು ಬೆವರುತ್ತವೆ. ಪಕ್ಕದ ಕುದುರೆಯ ಜೊತೆ ಹೋಲಿಸಬೇಡಿ. ಅದೇ ಕುದುರೆ ಕಳೆದ ಸಲ ಹೇಗಿತ್ತು ಅದರ ಜೊತೆ ಹೋಲಿಸಿ. ಈ ಪುಸ್ತಕದ ಮಿತಿಯೂ ಇಲ್ಲೇ ಇದೆ: ರೇಸ್‌ಕೋರ್ಸಿಗೆ ಹೋಗದೆ ತುಮಕೂರಿನಲ್ಲೇ ಕೂತು ಲೆಕ್ಕ ಹಾಕುವವರಿಗೆ ಅರ್ಧ ಉಪಯೋಗ.

ತಳಿಯ ಬಗ್ಗೆ ಆಸಕ್ತಿ ಇದ್ದರೆ ಇಟಲಿಯ ಫೆಡರಿಕೊ ಟೆಸಿಯೋ ಬರೆದ ‘ಬ್ರೀಡಿಂಗ್ ದ ರೇಸ್‌ಹಾರ್ಸ್’ ಓದಿ. ಅದರಿಂದ ಭಾನುವಾರದ ಓಟಕ್ಕೆ ಏನೂ ಸಿಗುವುದಿಲ್ಲ. ಆದರೆ ನಿಯಾರ್ಕೊ ಮತ್ತು ರಿಬೋ ಎಂಬ ಎರಡು ಕುದುರೆಗಳನ್ನು ಬೆಳೆಸಿದ ಮನುಷ್ಯ ಅವನು. ನಿಯಾರ್ಕೊನ ಮೊಮ್ಮಗನೇ ನಾರ್ದರ್ನ್ ಡ್ಯಾನ್ಸರ್. ಇವತ್ತು ನಮ್ಮ ರೇಸ್ ಬುಕ್ಕಿನಲ್ಲಿ ಯಾವುದೇ ಕುದುರೆಯ ವಂಶ ಹಿಡಿದು ಹಿಂದಕ್ಕೆ ಹೋದರೂ ಈ ಹೆಸರುಗಳು ಎದುರಾಗುವುದೇ ಜಾಸ್ತಿ. ಓದುವ ಖುಷಿಗೇ ಓದಬಹುದು.

ಲೆಕ್ಕ, ಕಂಪ್ಯೂಟರ್, ಟೋಟ್

ಎಂಜಿನಿಯರಿಂಗ್ ಓದುವ ಹುಡುಗರು ಕೇಳುವುದು ಬಿಲ್ ಬೆಂಟರ್ ಬಗ್ಗೆ. ಹಾಂಗ್‌ಕಾಂಗ್‌ನಲ್ಲಿ ಕಂಪ್ಯೂಟರ್ ಮಾದರಿಯಿಂದ ಬಹಳ ಹಣ ಗೆದ್ದ ಅಮೆರಿಕನ್. ಅವನು ಪುಸ್ತಕ ಬರೆಯಲಿಲ್ಲ, 1994ರಲ್ಲಿ ಒಂದು ದೀರ್ಘ ಲೇಖನ ಬರೆದ. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತದೆ, ಹಾಗಾಗಿ ಖರ್ಚಿಲ್ಲ. ಅದರಲ್ಲಿ ಎಲ್ಲರೂ ತಿಳಿಯಬೇಕಾದ ಸಂಗತಿ ಒಂದಿದೆ: ಅವನ ಮಾದರಿಯೊಂದೇ ಸಾಕಾಗಲಿಲ್ಲ. ಜನ ಕಟ್ಟಿದ ಹಣದಿಂದ ಬರುವ ಆಡ್ಸ್ (ಗೆದ್ದರೆ ಒಂದು ರೂಪಾಯಿಗೆ ಎಷ್ಟು ಸಿಗುತ್ತದೆ ಅನ್ನುವ ದರ) ಅನ್ನೂ ಸೇರಿಸಿದ ಮೇಲೆ ಲೆಕ್ಕ ಗಟ್ಟಿಯಾಯಿತು. ಅಂದರೆ ಜನರಿಗೆ ಗೊತ್ತಿರುವುದು ಕಡಿಮೆಯೇನಲ್ಲ. ಸಂಖ್ಯಾಶಾಸ್ತ್ರ ಬರುವವರಿಗೆ ಇದು ಹಬ್ಬ, ಬಾರದವರಿಗೆ ಕಬ್ಬಿಣದ ಕಡಲೆ. ಬಂದರೂ ನೂರಾರು ಓಟಗಳ ಮಾಹಿತಿಯನ್ನು ನೀವೇ ಕೈಯಾರೆ ತುಂಬಬೇಕು.

ವಿಲಿಯಂ ಕ್ವಿರಿನ್‌ನ 1979ರ ‘ವಿನ್ನಿಂಗ್ ಅಟ್ ದ ರೇಸಸ್’ ನಮಗೆ ಬೇಡ. ಅದರ ಮುಖ್ಯ ಲೆಕ್ಕ ಕುದುರೆ ಓಟದ ಮೊದಲ ಭಾಗದಲ್ಲಿ ಎಷ್ಟನೆಯದಾಗಿತ್ತು ಅನ್ನುವುದರ ಮೇಲೆ ನಿಂತಿದೆ, ಅದಕ್ಕೆ ಅಮೆರಿಕದ ಪತ್ರಿಕೆಯ ವಿವರವೇ ಬೇಕು. ಜೆಂಬಾ ಮತ್ತು ಹಾಶ್ ಅವರ 1984ರ ‘ಬೀಟ್ ದ ರೇಸ್‌ಟ್ರ್ಯಾಕ್’ ಕೂಡ ಅಷ್ಟೇ. ಟೋಟ್ ಅಂದರೆ ಎಲ್ಲರ ಹಣ ಒಟ್ಟು ಸೇರಿಸಿ ಗೆದ್ದವರಿಗೆ ಹಂಚುವ ವ್ಯವಸ್ಥೆ. ಅದರಲ್ಲಿ ವಿನ್ ಪೂಲ್‌ಗೆ (ಮೊದಲು ಬರುವ ಕುದುರೆಗೆ ಕಟ್ಟಿದ ಹಣ) ಹೋಲಿಸಿ ಪ್ಲೇಸ್ ಪೂಲ್‌ಗಳಲ್ಲಿ (ಮೊದಲ ಕೆಲವು ಸ್ಥಾನಗಳಲ್ಲಿ ಬರುವ ಕುದುರೆಗೆ ಕಟ್ಟಿದ ಹಣ) ತಪ್ಪು ಬೆಲೆ ಹುಡುಕುವ ಜಾಣ ವಿಧಾನ ಅದು, ಆದರೆ ಲಾಭದ ಅಂಚು ಬಹಳ ಸಣ್ಣದು. ಮುಂದೆ ಹೇಳುವ ನಮ್ಮ ತೆರಿಗೆಯ ಎದುರು ಅದು ನಿಲ್ಲುವುದಿಲ್ಲ.

ಇಂಗ್ಲೆಂಡಿನ ನಿಕ್ ಮಾರ್ಡಿನ್ ಬರೆದ ‘ಬೆಟಿಂಗ್ ಫಾರ್ ಎ ಲಿವಿಂಗ್’ 1992ರದ್ದು. ಹುಲ್ಲಿನ ಟ್ರ್ಯಾಕ್ ಮೇಲೆ ಬರೆದದ್ದು, ಭಾಷೆ ಸಲೀಸು. ಒಂದೊಂದು ಕುದುರೆಗೆ ಯಾವ ದೂರ, ಯಾವ ನೆಲ, ಎಷ್ಟು ಬಿಡುವು ಒಗ್ಗುತ್ತದೆ ಅಂತ ಹುಡುಕುವುದು ಕಲಿಯಲು ಚೆನ್ನಾಗಿದೆ. ಸ್ಕಾಟ್ ಸಿಗದಿದ್ದರೆ ಇದನ್ನು ತಗೊಳ್ಳಿ. ಹೆಸರಿನಲ್ಲಿರುವ ‘ಜೀವನೋಪಾಯ’ದ ಆಸೆ ಮಾತ್ರ ಇಟ್ಟುಕೊಳ್ಳಬೇಡಿ.

ಹಣದ ಬಗ್ಗೆ ಒಂದೇ ಒಂದು ಓದು

ಪುಸ್ತಕ ಯಾವುದೇ ಆರಿಸಿ, ಅದರ ಜೊತೆ ಸ್ಟೀವನ್ ಕ್ರಿಸ್ಟ್ ಬರೆದ ‘ಕ್ರಿಸ್ಟ್ ಆನ್ ವ್ಯಾಲ್ಯೂ’ ಪ್ರಬಂಧ ಓದಿ. 2001ರ ‘ಬೆಟ್ ವಿತ್ ದ ಬೆಸ್ಟ್’ ಸಂಕಲನದಲ್ಲಿದೆ. ಯಾವ ಕುದುರೆ ಗೆಲ್ಲುತ್ತದೆ ಅನ್ನುವುದಲ್ಲ ಪ್ರಶ್ನೆ, ಅದರ ಅವಕಾಶಕ್ಕಿಂತ ಆಡ್ಸ್ ಜಾಸ್ತಿ ಇದೆಯಾ ಅನ್ನುವುದು ಪ್ರಶ್ನೆ ಅಂತ ಅವನು ಬಿಡಿಸಿ ಹೇಳುತ್ತಾನೆ.

ಒಂದು ಕುದುರೆ ಗೆಲ್ಲುವ ಅವಕಾಶ ಶೇ. 40, ಆಡ್ಸ್ ಒಂದಕ್ಕೆ ಒಂದು. ಹತ್ತು ಸಲ ನೂರು ರೂಪಾಯಿ ಕಟ್ಟಿದರೆ ಹೋಗುವುದು 1000, ನಾಲ್ಕು ಸಲ ಗೆದ್ದು, ಕಟ್ಟಿದ ಹಣವೂ ಸೇರಿ ಬರುವುದು 800. ಇನ್ನೊಂದರ ಅವಕಾಶ ಶೇ. 20 ಮಾತ್ರ, ಆಡ್ಸ್ ಒಂದಕ್ಕೆ ಆರು. ಹತ್ತು ಸಲಕ್ಕೆ ಹೋಗುವುದು ಅದೇ 1000, ಎರಡು ಸಲ ಗೆದ್ದು ಬರುವುದು 1400. ಹಾಟ್ ಫೇವರಿಟ್‌ನಲ್ಲಿ ನಷ್ಟ, ಕಡಿಮೆ ಗೆಲ್ಲುವ ಕುದುರೆಯಲ್ಲಿ ಲಾಭ.

ಈಗ ನಮ್ಮ ನೆಲಕ್ಕೆ ಬನ್ನಿ. 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ಬೀಳುವುದು ಕ್ಲಬ್‌ನ ಕಮಿಷನ್ ಮೇಲಲ್ಲ, ಇಡೀ ಬೆಟ್ ಮೊತ್ತದ ಮೇಲೆ. ಅವತ್ತು ಶೇ. 28 ಇದ್ದದ್ದು 2025ರ ಸೆಪ್ಟೆಂಬರ್‌ನಿಂದ ಶೇ. 40 ಆಗಿದೆ. ನೂರಕ್ಕೆ ನಲವತ್ತು ಸೇರಿಸಿ ಕೊಡುವುದಾದರೆ ಮೇಲಿನ ಎರಡನೆಯ ಕುದುರೆಗೆ ಹತ್ತು ಸಲಕ್ಕೆ ಹೋಗುವುದು 1400, ಬರುವುದೂ 1400. ಅಷ್ಟು ಒಳ್ಳೆಯ ಬೆಲೆಯ ಕುದುರೆಯಲ್ಲೂ ಉಳಿಯುವುದು ಸೊನ್ನೆ! ಇದರ ಮೇಲೆ ಹತ್ತು ಸಾವಿರ ದಾಟಿದ ಗೆಲುವಿಗೆ ಶೇ. 30 ಟಿಡಿಎಸ್. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸ್ ಕೌಶಲದ ಆಟ ಅಂತ ಹೇಳಿದ್ದು ನಿಜ. ಆದರೆ ಕೌಶಲ ಇದ್ದವನಿಗೂ ಈ ಲೆಕ್ಕ ಹೀಗೇ. ಅಮೆರಿಕ, ಆಸ್ಟ್ರೇಲಿಯಾದ ಈ ಪುಸ್ತಕಗಳು ಯಾವುವೂ ಇಂಥ ತೆರಿಗೆಯನ್ನು ಮನಸ್ಸಿನಲ್ಲಿಟ್ಟು ಬರೆದವಲ್ಲ. ಹಾಗಾಗಿ ಯಾವ ಪುಸ್ತಕವೂ ಇಲ್ಲಿ ಸಂಸಾರ ನಡೆಸುವ ದಾರಿ ತೋರಿಸುವುದಿಲ್ಲ. ಮನೆ ಖರ್ಚಿನ ಹಣ, ಸಾಲದ ಹಣ ರೇಸ್‌ಕೋರ್ಸಿನ ಗೇಟು ದಾಟಬಾರದು. ಮೊದಲ ಸೀಸನ್ ಪೂರ್ತಿ ಕಾಗದದ ಮೇಲೆ ಮಾತ್ರ ಆಡಿ. ಯಾವ ಕುದುರೆ ಆರಿಸಿದಿರಿ, ಯಾಕೆ, ಆಡ್ಸ್ ಎಷ್ಟಿತ್ತು ಅಂತ ಬರೆಯಿರಿ. ಒಂದೇ ಬೆಟ್‌ನಲ್ಲಿ ಹಲವು ಊಹೆಗಳು ಒಟ್ಟಿಗೆ ಸರಿಯಾಗಬೇಕಾದ ಟಾನಾಲಾ, ಜಾಕ್‌ಪಾಟ್‌ಗಳನ್ನು ಪಕ್ಕಕ್ಕಿಡಿ. ಅವು ಲೆಕ್ಕ ಕಲಿಯುವ ಜಾಗ ಅಲ್ಲ.

ಹಾಗಾದರೆ ಯಾವುದು?

ಕೈಯಲ್ಲಿ ಹಣ ಕಡಿಮೆ ಇದ್ದು, ಇಂಗ್ಲಿಷ್ ಮತ್ತು ಗಣಿತ ಎರಡೂ ಬಂದರೆ ಬೆಂಟರ್ ಲೇಖನ ಓದಿ, ರೇಸ್ ವಿಡಿಯೋ ನೋಡಿ. ಒಂದೇ ಪುಸ್ತಕ, ಹೊಸಬರು ಅಂದರೆ ಐನ್ಸ್‌ಲಿ. ರೇಸ್ ಬುಕ್ ಆಗಲೇ ಓದಲು ಬರುತ್ತದೆ, ಹ್ಯಾಂಡಿಕ್ಯಾಪ್ ಓಟಗಳಲ್ಲಿ ತೂಕದ ಗೊಂದಲ ಅಂದರೆ, ಎಷ್ಟೇ ತಡವಾದರೂ ಸ್ಕಾಟ್‌ಗೆ ಕಾಯಿರಿ. ಎರಡು ಪುಸ್ತಕ ಕೊಳ್ಳುವ ಶಕ್ತಿ ಇದ್ದರೆ ಸ್ಕಾಟ್ ಮತ್ತು ಡೇವಿಡೋವಿಟ್ಸ್ ಜೋಡಿಯನ್ನು ನಾನು ಬೇರೆ ಎಲ್ಲಕ್ಕಿಂತ ಮೇಲಿಡುತ್ತೇನೆ. ದಿನಾ ಒಂದು ಗಂಟೆ ಕೂರುವ ತಾಳ್ಮೆ ಇದ್ದವರಿಗೆ ಬೇಯರ್.

ಕೊಳ್ಳುವಾಗ ಆವೃತ್ತಿ ನೋಡಿ. ಐನ್ಸ್‌ಲಿಯಾದರೆ 1986ರ ಮೂರನೆಯ ಆವೃತ್ತಿ ಕೇಳಿ, ಮೊದಲನೆಯದಕ್ಕಿಂತ ತಿದ್ದಿದ್ದು. ಡೇವಿಡೋವಿಟ್ಸ್ ಕೂಡ ಆಮೇಲೆ ತನ್ನ ಪುಸ್ತಕ ಪರಿಷ್ಕರಿಸಿದ್ದಾನೆ, ಸಿಕ್ಕರೆ ಅದೇ ತಗೊಳ್ಳಿ. ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕ್ರೀಡೆಯ ಕಪಾಟಿನ ಜೊತೆ ಇಸ್ಪೀಟು, ಚದುರಂಗ ಇಟ್ಟಿರುವ ಕಪಾಟನ್ನೂ ನೋಡಿ. ರೇಸ್ ಪುಸ್ತಕ ಅಲ್ಲಿ ಸೇರಿಕೊಂಡಿರುವುದೂ ಉಂಟು. ಒಳಗಿನ ಕೋಷ್ಟಕದ ಪುಟಗಳು ಎಲ್ಲ ಇವೆಯಾ ಅಂತ ತಿರುಗಿಸಿ ನೋಡಿಯೇ ದುಡ್ಡು ಕೊಡಿ.